ಕುಳ್ಳ ಖಾಲಿ ಐತೇನು, ಸೋನಾ ತುಂಬೈತೇನು

ನಮ್ಮ ಮೇಡಂ ತೀರಿಕೊಂಡು ಮೂರು ತಿಂಗಳಾಯಿತು. ಅವರ ನೆನಪಿಗೆ ಕಾಲೇಜಿನವರು ಒಂದು ಪುಸ್ತಕ ತರುತ್ತಿದ್ದಾರೆ. ಓದಿದವರೆಲ್ಲ ಅವರ ಸಂಶೋಧನೆಯ ಬಗ್ಗೆ ಬರೆದುಕೊಟ್ಟಿದ್ದಾರೆ. "ನೀನೂ ಎರಡು ಹಾಳಿ ಬರಿಯಪಾ, ಅವರ ಕೈಕೆಳಗ ಹದಿನಾರು ವರ್ಷ ಇದ್ದಾಂವ ನೀನ" ಎಂದು ಪ್ರಿನ್ಸಿಪಾಲರು ನನಗೂ ಹೇಳಿದರು. ನಾನು ಹತ್ತನೇ ಇಯತ್ತೆ ಪಾಸಾದದ್ದು ಮೂವತ್ತಾರನೇ ವಯಸ್ಸಿನಲ್ಲಿ, ಅದೂ ಮೇಡಂ ಬೆನ್ನು ಬಿದ್ದು ಓದಿಸಿದ್ದಕ್ಕೆ. ಕಂಪ್ಯೂಟರಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವರೂ ಅವರೇ. ಒಂದೊಂದು ಅಕ್ಷರ ಹುಡುಕಿ ಒತ್ತುತ್ತೇನೆ. ಹೀಗಾಗಿ ಇದನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು.

ಅವರ ಸಂಶೋಧನೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ನನಗೆ ಬರುವುದು ಹೆದರಿಕೆಯ ಬಗ್ಗೆ ಬರೆಯುವುದು.

ಹದಿನಾರು ವರ್ಷದಲ್ಲಿ ಅವರು ನನ್ನ ಮೇಲೆ ಒಮ್ಮೆಯೂ ದನಿ ಏರಿಸಲಿಲ್ಲ. ಆದರೂ ಹೆದರುತ್ತಿದ್ದೆ. ಯಾಕೆಂದರೆ ಅವರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದರು. ಮುಂಜಾನೆ ಒಮ್ಮೆ, ಚಹಾ ಕುಡಿಯುವಾಗ ಒಮ್ಮೆ, ಬೀಗ ಹಾಕುವಾಗ ಒಮ್ಮೆ. ಮೂರು ಸಲವೂ ಉತ್ತರವನ್ನು ಬರೆದುಕೊಳ್ಳುತ್ತಿದ್ದರು. "ತಮ್ಮಾ, ಕುಂಡಕ್ಕ ನೀರು ಎಷ್ಟೊತ್ತಿಗೆ ಹಾಕಿದಿ?" ಆರೂವರೆ ಎಂದು ಮೂರು ಸಲ ಹೇಳುವಷ್ಟರಲ್ಲಿ, ನಿಜವಾಗಿ ಆರೂವರೆಗೇ ಹಾಕಿದ್ದರೂ, ಸುಳ್ಳು ಹೇಳುತ್ತಿದ್ದೇನೇನೋ ಎಂದು ಬೆವರು ಬರುತ್ತಿತ್ತು.

ಯಲಬುರ್ಗಾ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದ. ಒಂದು ವಾರ ಗಿಡಗಳ ಎತ್ತರ ಅಳೆಯದೆ, ಅಂದಾಜಿನ ಮೇಲೆ ಪುಸ್ತಕದಲ್ಲಿ ಬರೆದಿಟ್ಟಿದ್ದ. ಮೇಡಂ ಅವನನ್ನೂ ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಅವನು ಅತ್ತ. ಮೇಡಂ ಅವನ ಇಡೀ ವರ್ಷದ ಪುಸ್ತಕಕ್ಕೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಡ್ಡಗೆರೆ ಎಳೆದು, "ಮೊದಲಿಂದ ಸುರು ಮಾಡು" ಎಂದರು. ಅವನು ಸುರು ಮಾಡಲಿಲ್ಲ. ಮರುದಿನ ಹಾಸಿಗೆ ಸುತ್ತಿಕೊಂಡು ಬಸ್ ಹತ್ತಿದ. ಆ ಹಾಸಿಗೆಯನ್ನು ಬಸ್ಸಿನ ಮೇಲೆ ಏರಿಸಿದವನು ನಾನೇ.

ಮೇಡಂ ಕನಕಗಿರಿಯವರು. ತಂದೆ ಸಂತೆ ದಿನ ಹೊಲಿಗೆ ಯಂತ್ರ ಹೊತ್ತು ತಂದು ಕೂತು ಬಟ್ಟೆ ಹೊಲಿಯುತ್ತಿದ್ದರಂತೆ. ಅಕ್ಕನ ಜೊತೆ ಫೋನಿನಲ್ಲಿ ದಖನಿ ಉರ್ದು ಮಾತಾಡುವಾಗ ಮಾತ್ರ ಅವರು ಜೋರಾಗಿ ನಗುವುದನ್ನು ಕೇಳಿದ್ದೇನೆ. ನಮ್ಮ ಜೊತೆ ನಗು ತುಟಿಯಲ್ಲೇ ಮುಗಿಯುತ್ತಿತ್ತು. ಬಿಳಿ ಕೋಟಿನ ಜೇಬಿನಲ್ಲಿ ಸದಾ ನಾಲ್ಕು ಶೇಂಗಾಕಾಯಿ. ಯಾರಿಗೂ ಕೊಡುತ್ತಿರಲಿಲ್ಲ, ತಾವೂ ತಿನ್ನುತ್ತಿರಲಿಲ್ಲ. ಯೋಚನೆ ಬಂದಾಗ ಜೇಬಿನೊಳಗೇ ಅವುಗಳ ಸಿಪ್ಪೆ ಸುಲಿಯುತ್ತಿದ್ದರು. ಸಂಜೆ ಕೋಟು ಜಾಡಿಸಿದರೆ ಸಿಪ್ಪೆ ಉದುರುತ್ತಿತ್ತು. ಅದು ಎಷ್ಟು ಉದುರಿತು ಎನ್ನುವುದರ ಮೇಲೆ ಅವತ್ತಿನ ಕೆಲಸ ಹೇಗಾಯಿತೆಂದು ನಾನು ತಿಳಿದುಕೊಳ್ಳುತ್ತಿದ್ದೆ.

ನಾನು ಹುಲಿಹೈದರದವನು. ಐದನೇ ಇಯತ್ತೆಗೆ ಸಾಲೆ ಬಿಟ್ಟು ಕುರಿ ಕಾಯ್ದವನು. ಗಂಗಾವತಿಯ ಹೊರಗಿನ ಈ ಕಾಲೇಜಿಗೆ ಕುಂಡಗಳಿಗೆ ನೀರು ಹಾಕಲು ದಿನಗೂಲಿಯ ಮೇಲೆ ಬಂದೆ. ಆಮೇಲೆ ಲ್ಯಾಬಿನ ಕೆಲಸ ಸಿಕ್ಕಿತು. ಅದೂ ಕಾಯಂ ಅಲ್ಲ. ವರ್ಷ ವರ್ಷ ಮೇಡಂ ಸಹಿ ಹಾಕಿದರೆ ಮುಂದುವರಿಯುತ್ತಿತ್ತು.

ಅವರ ಕೆಲಸ ಭತ್ತದ್ದು. ನಮ್ಮ ಕಾಲುವೆಯ ಕೊನೆಯ ಹೊಲಗಳಲ್ಲಿ ಉಪ್ಪು ಏರಿ ಬೆಳೆ ಸುಡುತ್ತದೆ. ಅಂಥ ಹೊಲದಲ್ಲೂ ಬದುಕುವ ಒಂದು ಹಳೆಯ ತಳಿಯನ್ನು ಹುಡುಕಿ ತಂದು, ಅದು ಹೇಗೆ ಬದುಕುತ್ತದೆ ಎಂದು ನೋಡುತ್ತಿದ್ದರು. ಅದಕ್ಕಾಗಿ ತಿಂಗಳುಗಟ್ಟಲೆ ಕಾಯ್ದು ಹೊರದೇಶದಿಂದ ಒಂದು ಆಂಟಿಬಾಡಿ ತರಿಸಿದರು. ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಬಂತು. ಬಿಚ್ಚಿದರೆ ಒಳಗೆ ಹೊಗೆಯಾಡುವ ಐಸು, ಐಸಿನೊಳಗೆ ನನ್ನ ಕಿರುಬೆರಳಿನ ತುದಿಯಷ್ಟು ಟ್ಯೂಬು.

"ಇಷ್ಟ ಐತೇನ್ರಿ?" ಎಂದೆ.

"ಇಷ್ಟ. ಇದನ್ನ ಹನ್ನೆರಡು ಪಾಲು ಮಾಡಿ ಇಡಬೇಕು. ಮತ್ತ ಮತ್ತ ಕರಗಿಸಿ ಹೆಪ್ಪುಗಟ್ಟಿಸಿದ್ರ ಸಾಯ್ತೈತಿ."

"ಜೀವ ಐತೇನ್ರಿ ಅದಕ್ಕ?"

"ಜೀವ ಇಲ್ಲ, ನೆನಪೈತಿ." ಆಮೇಲೆ ಕೂತು ಹೇಳಿದರು. ಭತ್ತದ ಎಲೆಯ ಒಂದೊಂದು ಜೀವಕಣಕ್ಕೂ ಒಂದು ಗೋಡೆ ಇರುತ್ತದೆ. ಹೊರಗೆ ಬಿಸಿಲೋ ಉಪ್ಪೋ ಬಂದರೆ ಒಳಗೆ ಸುದ್ದಿ ಮುಟ್ಟಿಸುವ ಆಳು ಬೇಕು. ಆ ಆಳಿನ ಹೆಸರು ಜಿ ಪ್ರೋಟೀನು. ಅದಕ್ಕೆ ಮೂರು ತುಣುಕು, ಅದರಲ್ಲಿ ಆಲ್ಫಾ ಅನ್ನುವ ತುಣುಕನ್ನು ಈ ಆಂಟಿಬಾಡಿ ಗುರುತು ಹಿಡಿಯುತ್ತದೆ. "ಮೊಲಕ್ಕ ಆ ತುಣುಕು ಚುಚ್ಚಿದ್ರ, ಅದರ ರಕ್ತ ಗುರ್ತ ಹಿಡಿಯಾಕ ಕಲೀತೈತಿ. ಹಂಗ ಕಲಿತ ರಕ್ತದಿಂದ ತಗದದ್ದು ಇದು. ಕೆಲವು ವಾರದಾಗ ಕಲೀತದ ಮೊಲ. ನೀನು ಬೀಜಗಣಿತಕ್ಕ ಎರಡು ವರ್ಷ ತಗೊಂಡಿ."

"ಮೊಲಕ್ಕ ಪರೀಕ್ಷಾ ಫೀಸ್ ಇರೂದಿಲ್ಲಲ್ರಿ" ಎಂದೆ. ತುಟಿಯಲ್ಲಿ ನಕ್ಕರು.

ಅಂಗಳದಲ್ಲಿ ಒಂದು ಕುಂಡ ಇತ್ತು, ಅದರಲ್ಲಿ ಮೊಳಕಾಲೂ ಮುಟ್ಟದ ಭತ್ತ. ಹುಟ್ಟಿನಿಂದಲೇ ಅದರಲ್ಲಿ ಆಲ್ಫಾ ತುಣುಕು ಇಲ್ಲ, ಅದಕ್ಕೇ ಕುಳ್ಳಾಗಿ ನಿಂತಿದೆ ಎಂದು ಮೇಡಂ ಹೇಳಿದ್ದರು. ನೋಡಲು ಬಂದ ರೈತರು "ಇದ್ಯಾವ ಹುಲ್ರಿ" ಎಂದು ನಗುತ್ತಿದ್ದರು. ಆದರೆ ಎಲ್ಲ ಕುಂಡಗಳಿಗಿಂತ ಅದರ ಮೇಲೇ ಮೇಡಂಗೆ ಕಾಳಜಿ. ಪ್ರತಿ ಪರೀಕ್ಷೆಗೂ ಮೂರು ಎಲೆಗಳನ್ನು ಅರೆಯುತ್ತಿದ್ದರು. ಒಂದು ನಮ್ಮ ಕಡೆ ಎಲ್ಲರೂ ಬೆಳೆಯುವ, ಆಲ್ಫಾ ಇದ್ದೇ ಇರುವ ಸೋನಾ ಭತ್ತ, ಒಂದು ಕುಳ್ಳ, ಒಂದು ಉಪ್ಪು ತಡೆಯುವ ತಳಿ. ಆ ರಸವನ್ನು ತೆಳು ಹಾಳೆಯ ಮೇಲೆ ಇಳಿಸಿ, ಆಂಟಿಬಾಡಿಯಲ್ಲಿ ನೆನೆಸಿ, ಕೊನೆಗೆ ಬಣ್ಣದ ನೀರಿನ ಟ್ರೇಯಲ್ಲಿ ಬಿಡುತ್ತಿದ್ದರು. ಆಲ್ಫಾ ಇದ್ದಲ್ಲಿ ನೇರಳೆ ಗೆರೆ ಏಳುತ್ತಿತ್ತು. ಟ್ರೇ ಅಲ್ಲಾಡಿಸುವುದು, ಗಡಿಯಾರ ನೋಡಿ ನಿಮಿಷ ಕೂಗುವುದು ನನ್ನ ಕೆಲಸ. ಐದು ನಿಮಿಷ ಆಯಿತೆಂದರೆ ಮೇಡಂ ಬಂದು, ಟ್ರೇಗೆ ಕಣ್ಣು ಹಾಕುವ ಮೊದಲು, ನನ್ನನ್ನೇ ಕೇಳುತ್ತಿದ್ದರು:

"ಕುಳ್ಳ ಖಾಲಿ ಐತೇನು?"

"ಖಾಲಿ ಐತ್ರಿ."

"ಸೋನಾ ತುಂಬೈತೇನು?"

"ತುಂಬೈತ್ರಿ."

ಈ ಎರಡು ಉತ್ತರ ಸಿಕ್ಕ ಮೇಲೆಯೇ ಅವರು ಮೂರನೆಯದನ್ನು ನೋಡುತ್ತಿದ್ದರು. ಇಲ್ಲದ್ದು ಇಲ್ಲ ಅಂತ, ಇದ್ದದ್ದು ಇದೆ ಅಂತ ಕಾಣದಿದ್ದರೆ ಮೂರನೆಯದರ ಮಾತೇ ಆಡಬಾರದು ಎಂಬುದು ಅವರ ಕಟ್ಟಳೆ. ಆ ಎರಡು ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಹಾಲು ಕಾಯಿಸುವಾಗಲೂ ಗೊಣಗುತ್ತಿದ್ದೆ. ಹೆಂಡತಿ, "ಯಾರಪಾ ಆ ಸೋನಾ?" ಎಂದು ಒಂದು ದಿನ ಸೌಟು ಹಿಡಿದೇ ಕೇಳಿದಳು.

ನನ್ನ ತಪ್ಪು ನಡೆದದ್ದು ಖಂಡೇನವಮಿಯ ದಿನ. ನಮ್ಮ ಕಡೆ ಅವತ್ತು ಕುಡಗೋಲಿನಿಂದ ಲಾರಿಯವರೆಗೆ ದುಡಿಯುವ ಎಲ್ಲ ಸಾಮಾನಿಗೂ ಪೂಜೆ. ಲ್ಯಾಬಿನಲ್ಲೂ ಮಾಡುತ್ತಿದ್ದೆವು. ಮೇಡಂ ಪ್ರತಿ ವರ್ಷ ತಾವೇ ತೆಂಗಿನಕಾಯಿ ತರುತ್ತಿದ್ದರು. "ಯಂತ್ರಕ್ಕ ಕುಂಕುಮ ಹಚ್ಚು, ಬಟನಿಗೆ ಹಚ್ಚಬ್ಯಾಡ" ಎನ್ನುತ್ತಿದ್ದರು. ಆ ವರ್ಷ ಅವರು ಕೊಪ್ಪಳಕ್ಕೆ ಮೀಟಿಂಗಿಗೆ ಹೋಗಿದ್ದರು. ಕಾಯಿ ಹಿಂದಿನ ದಿನವೇ ಕೊಟ್ಟಿದ್ದರು.

ಫ್ರೀಜರಿನೊಳಗೆ ಗೇಣುದ್ದ ಹಿಮ ಕಟ್ಟಿತ್ತು. ತೊಳೆಯದ ಸಾಮಾನಿಗೆ ಕುಂಕುಮ ಇಡಬಾರದು ಎಂದು ನಮ್ಮವ್ವ ಕಲಿಸಿದ್ದಳು. ಎತ್ತಿನ ಕೊರಳ ಗಂಟೆಯನ್ನೂ ತಿಕ್ಕಿ ತೊಳೆದೇ ಪೂಜೆಗೆ ಇಡುತ್ತಿದ್ದಳು. ನನಗೆ ಆ ಫ್ರೀಜರ್ ನೋಡಿ ನಾಚಿಕೆಯಾಯಿತು. ಸ್ವಿಚ್ ಆರಿಸಿದೆ. ಒಳಗಿದ್ದದ್ದನ್ನೆಲ್ಲ ಐಸು ತುಂಬಿದ ಪೆಟ್ಟಿಗೆಗಳಿಗೆ ಇಳಿಸಿದೆ. ಆಂಟಿಬಾಡಿಯ ಹನ್ನೆರಡು ಟ್ಯೂಬು ಇದ್ದ ನೀಲಿ ಡಬ್ಬಿ ಬಹಳ ಮುಖ್ಯದ್ದಲ್ಲವೇ, ದೊಡ್ಡ ಪೆಟ್ಟಿಗೆಯಲ್ಲಿ ಮುಳುಗಿಹೋಗಬಾರದು ಎಂದು ಅದನ್ನು ಬೇರೆ ಐಸಿನ ಬಟ್ಟಲಿನಲ್ಲಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಫ್ರೀಜರ್ ತೊಳೆದೆ, ಒರೆಸಿದೆ, ಸ್ವಿಚ್ ಹಾಕಿದೆ, ತಣ್ಣಗಾದ ಮೇಲೆ ಸಾಮಾನು ಒಳಗಿಟ್ಟೆ. ವಿಭೂತಿ ಎಳೆದೆ, ಚೆಂಡುಹೂವಿನ ಮಾಲೆ ಹಾಕಿದೆ. ಉಳಿದ ಹೂವಿನ ರಾಶಿಯನ್ನು ಕಿಟಕಿಯ ಕಟ್ಟೆಯ ಮೇಲೆ ಸುರಿದೆ. ಫ್ರೀಜರಿನ ಪಕ್ಕ ದಾರ ಕಟ್ಟಿದ ಪುಸ್ತಕ ತೂಗುತ್ತಿರುತ್ತದೆ, ಬಾಗಿಲು ತೆಗೆದವರು ಅದರಲ್ಲಿ ಬರೆಯಬೇಕು. "ತೊಳೆದು ಪೂಜೆ ಮಾಡಲಾಯಿತು" ಎಂದು ಚೆಂದಾಗಿ ಬರೆದು ಬೀಗ ಹಾಕಿದೆ.

ಮೂರು ದಿನ ಸೂಟಿ. ನಾಲ್ಕನೇ ದಿನ ಮುಂಜಾನೆ ಬಾಡಿದ ಹೂ ಬಾಚುವಾಗ ಕೈಗೆ ನೀಲಿ ಡಬ್ಬಿ ತಾಗಿತು. ಐಸು ನೀರಾಗಿ, ನೀರೂ ಆರಿ, ಬಟ್ಟಲಿನ ತಳದಲ್ಲಿ ಒಂದು ಇರುವೆ ಓಡಾಡುತ್ತಿತ್ತು. ಪಡುವಣ ಕಿಟಕಿ ಅದು. ಮೂರು ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದಿತ್ತು. ಅಲ್ಲೇ ನೆಲದ ಮೇಲೆ ಕೂತೆ. ಕಿವಿಯಲ್ಲಿ ಆ ಯಲಬುರ್ಗಾ ಹುಡುಗನ ಹಾಸಿಗೆ ಬಸ್ಸಿನ ಮೇಲೆ ಬಿದ್ದ ಸದ್ದು ಕೇಳಿತು. ಮೇಡಂ ಬರಲು ಇನ್ನೂ ಒಂದು ತಾಸಿತ್ತು. ಡಬ್ಬಿ ಒರೆಸಿದೆ, ಫ್ರೀಜರಿನಲ್ಲಿ ಅದರ ಜಾಗದಲ್ಲೇ ಇಟ್ಟೆ. ತೂಗುವ ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಆಮೇಲಿನ ಮೂರು ತಿಂಗಳು ನಾನು ಸರಿಯಾಗಿ ಉಂಡದ್ದು ನೆನಪಿಲ್ಲ.

ಮೊದಲ ಪರೀಕ್ಷೆಯ ದಿನ ಎಂದಿನಂತೆ ಟ್ರೇ ಅಲ್ಲಾಡಿಸುತ್ತಾ ನಿಂತೆ. ಐದು ನಿಮಿಷ ಆಯಿತು. ಸೋನಾದ ಜಾಗದಲ್ಲಿ ಏನೂ ಇಲ್ಲ. ಹತ್ತಾಯಿತು. ಇಪ್ಪತ್ತಕ್ಕೆ, ಬೆವರಿನ ಕಲೆಯಂಥ ತೆಳು ಗೆರೆ ಬಂತು. ಉಪ್ಪಿನ ತಳಿಯ ಜಾಗದಲ್ಲಿ ಗೆರೆಯೇ ಇಲ್ಲ. ಬಿಸಿಲು ತಿಂದ ಆಂಟಿಬಾಡಿಗೆ ಗುರುತು ಹಿಡಿಯುವ ಶಕ್ತಿ ಉಳಿದಿಲ್ಲ ಎಂದು ನನಗೆ ಗೊತ್ತಾಯಿತು.

ಮೇಡಂ ಬಂದರು. "ಕುಳ್ಳ ಖಾಲಿ ಐತೇನು?"

"ಖಾಲಿ ಐತ್ರಿ."

ನಾನು ಎರಡನೇ ಪ್ರಶ್ನೆಗೆ ಕಾಯುತ್ತಾ ನಿಂತೆ. ಕೇಳಿದರೆ ಹೇಳಿಬಿಡಬೇಕು ಎಂದುಕೊಂಡಿದ್ದೆ. ಅವರು ಕೇಳಲಿಲ್ಲ. ನೇರವಾಗಿ ಮೂರನೆಯದಕ್ಕೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಜೇಬಿನೊಳಗೆ ಶೇಂಗಾ ಸಿಪ್ಪೆ ಚಟಚಟ ಒಡೆಯಿತು. "ಉಪ್ಪಿನ ಭತ್ತದಾಗ ಆಲ್ಫಾ ಇಲ್ಲ ತಮ್ಮಾ! ಅದು ಇಲ್ಲದ್ದಕ್ಕ ಬದುಕೈತಿ ಅದು!" ಅವರ ದನಿಯಲ್ಲಿ ಅಷ್ಟು ಸಂತೋಷ ಅದಕ್ಕೂ ಮುಂಚೆ ಕೇಳಿರಲಿಲ್ಲ, ಅಕ್ಕನ ಜೊತೆಯ ಫೋನಿನಲ್ಲಿ ಬಿಟ್ಟರೆ.

ಅವರು ಮಾರ್ಚ್ ತಿಂಗಳಿಗೆ ನಿವೃತ್ತರಾಗುವವರಿದ್ದರು. ಮತ್ತೆ ಎರಡು ಸಲ ಪರೀಕ್ಷೆ ಮಾಡಿದರು, ಬೇರೆ ಬೇರೆ ಟ್ಯೂಬು ತೆಗೆದು. ಎಲ್ಲ ಟ್ಯೂಬೂ ಒಂದೇ ಬಿಸಿಲು ತಿಂದಿದ್ದವು. ಅದೇ ಗೆರೆ, ಅದೇ ಇಪ್ಪತ್ತು ನಿಮಿಷ. ಎರಡು ಸಲವೂ ಕುಳ್ಳನದು ಕೇಳಿದರು, ಸೋನಾದ್ದು ಕೇಳಲಿಲ್ಲ. ಐದಾದ ಮೇಲಿನ ನಿಮಿಷಗಳನ್ನು ನಾನು ಕೂಗುತ್ತಲೇ ಇರಲಿಲ್ಲ. ಅದನ್ನೂ ಅವರು ಕೇಳಲಿಲ್ಲ. ಊಟದ ಡಬ್ಬಿ ತೆರೆದರೆ ಅನ್ನದ ಮೇಲೆ ನನಗೆ ನೇರಳೆ ಗೆರೆ ಕಾಣುತ್ತಿತ್ತು. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಮೇಡಂ ತಮ್ಮ ಹೆಸರಿನ ಕೆಳಗೆ ಸುಳ್ಳು ಬರೆಯುತ್ತಾರೆ, ಅದೂ ಸುಳ್ಳೆಂದು ಗೊತ್ತಿಲ್ಲದೆ. ಒಂದು ದಿನ ಅವರೇ ಹೇಳಿದರು, "ಇದನ್ನ ನಂಬಿ ಮುಂದಿನವರು ಆಲ್ಫಾ ಇಲ್ಲದ ತಳಿನ ಹುಡುಕ್ಕೋಂತ ಹೋಗ್ತಾರ. ಹತ್ತು ವರ್ಷದ ದಾರಿ ನಾವು ತೋರಿಸಿದಂಗಾತು." ತೊಳೆದಿದ್ದ ಟ್ರೇಯನ್ನೇ ಮತ್ತೆ ತೊಳೆಯಲು ಹೋದೆ.

ಜನವರಿಯಲ್ಲಿ ರೈತರಿಗೆ ಹಂಚಲು ಕನ್ನಡದ ಒಂದು ಹಾಳೆ ಮಾಡಬೇಕೆಂದರು. "ನೀನ ಟೈಪ್ ಮಾಡು, ನಿನಗೂ ರೂಢಿ ಆಗ್ಲಿ." ಅವರು ನನ್ನ ಹಿಂದೆ ನಿಂತು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ.

"ಉಪ್ಪು ತಡೆಯುವ ಈ ತಳಿಯಲ್ಲಿ. ಒತ್ತಿದ್ಯಾ?"

"ಒತ್ತೀನ್ರಿ."

"ಆಲ್ಫಾ ತುಣುಕು."

"ಹೂಂನ್ರಿ."

"ಇಲ್ಲ. ಮುಗೀತು, ಚುಕ್ಕಿ ಹಾಕು."

ನನ್ನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

"ಯಾಕಪಾ, ಅಕ್ಷರ ಸಿಗಲಿಲ್ಲೇನು?"

"ಅಕ್ಷರ ಐತ್ರಿ. ಒತ್ತಾಕ ಆಗವಲ್ದು ಮೇಡಮ್ಮಾರ." ಹಿಂದೆ ತಿರುಗದೆ, ಕಂಪ್ಯೂಟರಿಗೆ ಹೇಳುವ ಹಾಗೆ, ಎಲ್ಲ ಹೇಳಿದೆ. ಫ್ರೀಜರ್ ತೊಳೆದದ್ದು, ಹೂವಿನ ರಾಶಿ, ಇರುವೆ, ಒರೆಸಿ ಇಟ್ಟದ್ದು. ಹೇಳಿ ಮುಗಿಯುವಷ್ಟರಲ್ಲಿ ಜೇಬಿನ ಸಿಪ್ಪೆಯ ಸದ್ದು ನಿಂತಿತ್ತು.

ಮೇಡಂ ಕುರ್ಚಿ ಎಳೆದು ಕೂತರು. ತಮ್ಮ ಪುಸ್ತಕ ತೆಗೆದರು. "ಯಾವ ಕಿಟಕಿ?"

"ಪಡುವಣ ಕಿಟಕಿರಿ."

"ಎಷ್ಟು ದಿನ?"

"ಮೂರು ದಿನಾರಿ."

ಬರೆದುಕೊಂಡರು. ಮತ್ತೆ ಕೇಳಿದರು. ಮತ್ತೆ ಹೇಳಿದೆ. ಮೂರನೇ ಸಲಕ್ಕೆ ನನಗೆ ಅಳು ಬಂತು, ಆದರೆ ಉತ್ತರ ಬದಲಾಗಲಿಲ್ಲ. ಅವರು ಎದ್ದು ಹೋಗಿ ಫ್ರೀಜರಿನ ಪಕ್ಕದ ಪುಸ್ತಕವನ್ನು ದಾರದಿಂದ ಬಿಚ್ಚಿ ತಂದು ನನ್ನ ಮುಂದಿಟ್ಟರು. "ಹಳೇ ಹಾಳಿ ಮುಟ್ಟಬ್ಯಾಡ. ಇವತ್ತಿನ ತಾರೀಖು ಹಾಕಿ, ಆದದ್ದು ಬರಿ."

ಪ್ರಿನ್ಸಿಪಾಲರು ತಿಂಗಳಿಗೊಮ್ಮೆ ಆ ಪುಸ್ತಕ ನೋಡುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಕೆಲಸದ ಕೊನೆಯ ಸಾಲು ಎಂದುಕೊಂಡೇ ಬರೆದೆ. ಸಹಿ ಹಾಕಿದೆ. ಮೇಡಂ ಪೆನ್ನು ಇಸಿದುಕೊಂಡು, ನನ್ನ ಸಹಿಯ ಕೆಳಗೆ ತಾವೂ ಬರೆದರು: "ಸೋನಾ ಗೆರೆ ಮಾಸಿದ್ದು ಮೂರೂ ಸಲ ನನಗೆ ಕಂಡಿತ್ತು. ನಾನು ಕೇಳಲಿಲ್ಲ." ಅದಕ್ಕೆ ಅವರದೂ ಸಹಿ.

"ನಿಮಗ ಗೊತ್ತಿತ್ತೇನ್ರಿ?"

"ಕಿಟಕಿ ಗೊತ್ತಿರಲಿಲ್ಲ. ಏನೋ ಕೆಟ್ಟೈತಿ ಅಂತ ಗೊತ್ತಿತ್ತು. ಕೇಳಿದ್ರ ನೀ ತುಂಬಿಲ್ಲ ಅಂತಿದ್ದಿ. ಅದಕ್ಕ ಕೇಳಲಿಲ್ಲ." ಪುಸ್ತಕ ಮುಚ್ಚಿ ಕೇಳಿದರು, "ನೀ ಯಾಕ ಮೂರು ತಿಂಗಳು ಸುಮ್ನಿದ್ದಿ?"

"ಹೆದ್ರಿದ್ನಿರಿ."

"ಯಾರಿಗೆ?"

"ನಿಮಗ್ರಿ."

"ನಾ ಮಾರ್ಚ್ ತಿಂಗಳಿಗೆ ಹೆದ್ರಿದ್ನಿ" ಎಂದರು. "ಅಳಸು ಅದನ್ನ."

ಹಾಳೆ ಬೆಳ್ಳಗಾಗುವವರೆಗೆ ಅಳಿಸುವ ಕೀಲಿ ಒತ್ತಿ ಹಿಡಿದೆ.

ನನ್ನ ಕೆಲಸ ಹೋಗಲಿಲ್ಲ. ಪ್ರಿನ್ಸಿಪಾಲರು ಪುಸ್ತಕ ಓದಿ ಇಬ್ಬರನ್ನೂ ಕರೆಸಿದರು. "ತಪ್ಪು ಎರಡು ಅದಾವ್ರಿ, ಶಿಕ್ಷಾನೂ ಎರಡು ಪಾಲು ಮಾಡ್ರಿ" ಎಂದರು ಮೇಡಂ. ನಿವೃತ್ತಿಗೆ ಹೊರಟವರಿಗೆ ಅವರು ಏನು ಶಿಕ್ಷೆ ಕೊಟ್ಟಾರು? ನನಗೂ ಕೊಡಲಿಲ್ಲ. ಆದರೆ ಮೇಡಂ ತಮ್ಮ ಪಾಲಿನದನ್ನು ತಾವೇ ಕೊಟ್ಟುಕೊಂಡರು. ಬರೆದಿಟ್ಟ ಲೇಖನ ಕಳಿಸಲಿಲ್ಲ. ಹೊಸ ಟ್ಯೂಬಿಗೆ ಅರ್ಜಿ ಹಾಕಿ, ಅದು ಬರುವ ಮೊದಲೇ ನಿವೃತ್ತರಾಗಿ ಕನಕಗಿರಿಗೆ ಹೋದರು. ಹೋಗುವ ದಿನ ಕೋಟು ಜಾಡಿಸಿದೆ. ಒಂದು ಸಿಪ್ಪೆಯೂ ಬೀಳಲಿಲ್ಲ.

ಹೊಸ ಟ್ಯೂಬು ಬಂದದ್ದು ಮಳೆಗಾಲದಲ್ಲಿ. ಅವರ ಜಾಗಕ್ಕೆ ಬಂದ ಸರ್ ಪರೀಕ್ಷೆ ಮಾಡಿದರು, ಟ್ರೇ ನಾನೇ ಹಿಡಿದೆ. ಅವತ್ತಿನ ಹೆದರಿಕೆ ಬೇರೆ ಥರದ್ದು. ಉಪ್ಪಿನ ಭತ್ತದಲ್ಲಿ ಗೆರೆ ಬರದಿದ್ದರೆ ಮೇಡಂ ಹೇಳಿದ್ದೇ ಸರಿ, ನನ್ನ ಬಾಯಿಂದ ಅವರ ಕೊನೆಯ ಕೆಲಸ ಸುಮ್ಮನೆ ಹಾಳಾಯಿತು. ಗೆರೆ ಬಂದರೆ ಅವರ ಅಷ್ಟು ಸಂತೋಷವೇ ಸುಳ್ಳು. ಯಾವುದು ಬರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಐದು ನಿಮಿಷ ಎಂದು ಜೋರಾಗಿ ಕೂಗಿ ಟ್ರೇಗೆ ಕಣ್ಣು ಹಾಕಿದೆ.

ಒಣಗಿದ ಆ ಹಾಳೆಯನ್ನು ಸರ್ ಅಪ್ಪಣೆ ಪಡೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕನಕಗಿರಿ ಬಸ್ ಹತ್ತಿದೆ. ಮೇಡಂ ಮಂಚದ ಮೇಲಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಅವರ ಅಕ್ಕ ನನ್ನ ಹೆಸರು ಹೇಳಿದ ಮೇಲೆ ಗುರುತು ಹಿಡಿದರು. ಹಾಳೆಯನ್ನು ಅವರ ಕೈಗಿಟ್ಟೆ. ಬೆರಳಿನಿಂದ ಸವರಿದರು, ಗೆರೆ ಕೈಗೆ ತಾಗುವುದೇನೋ ಎನ್ನುವ ಹಾಗೆ. ಹಿಂದಕ್ಕೆ ಕೊಟ್ಟರು.

"ಕುಳ್ಳ ಖಾಲಿ ಐತೇನು?"

"ಖಾಲಿ ಐತ್ರಿ."

"ಸೋನಾ ತುಂಬೈತೇನು?"

"ತುಂಬೈತ್ರಿ ಮೇಡಮ್ಮಾರ. ಐದ ನಿಮಿಷಕ್ಕ ತುಂಬೈತಿ."

"ಉಪ್ಪಿಂದು?"

"ಐತ್ರಿ. ಸೋನಾಕ್ಕಿಂತ ತೆಳು, ಆದ್ರ ಐತ್ರಿ."

ಅವರು ಗೋಡೆಯ ಕಡೆ ಮುಖ ಮಾಡಿದರು. ಹೊರಗೆ ಅಕ್ಕ ಚಹಾ ಸೋಸುವ ಸದ್ದು ಕೇಳುತ್ತಿತ್ತು. "ಇಲ್ಲ ಅಂತ ಬರಸಾಕ ನಿಂತಿದ್ನಲ್ಲೊ ತಮ್ಮಾ" ಎಂದರು. ಮತ್ತೆ ಮೊದಲಿನಿಂದ ಕೇಳಿದರು, "ಕುಳ್ಳ ಖಾಲಿ ಐತೇನು?" ಎಲ್ಲ ಮತ್ತೊಮ್ಮೆ ಹೇಳಿದೆ. ಚಹಾ ಕುಡಿದ ಮೇಲೆ ಮೂರನೇ ಸಲ ಕೇಳಿದರು. ಬರೆದುಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. "ನೀ ಬರಕೋ" ಎಂದರು. ಬಸ್ ಟಿಕೀಟಿನ ಹಿಂದೆ ಬರೆದುಕೊಂಡೆ. ನಾನು ಅವರನ್ನು ನೋಡಿದ್ದು ಅದೇ ಕೊನೆ.

ರೈತರ ಹಾಳೆಯನ್ನು ಆಮೇಲೆ ನಾನೇ ಟೈಪ್ ಮಾಡಿದೆ. "ಇದೆ" ಎಂದು ಒತ್ತುವಾಗಲೂ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಎದ್ದು ಹೋಗಿ, ಟ್ರೇಯ ಹಾಳೆಯನ್ನು ಬೆಳಕಿಗೆ ಹಿಡಿದು, ಕುಳ್ಳನ ಜಾಗ ನೋಡಿ ಬಂದು ಚುಕ್ಕಿ ಹಾಕಿದೆ.

ಮೊನ್ನೆ ಮತ್ತೆ ಖಂಡೇನವಮಿ ಬಂತು. ಈ ಸಲ ತೆಂಗಿನಕಾಯಿ ನಾನೇ ಕೊಂಡೆ. ಫ್ರೀಜರಿನ ಸ್ವಿಚ್ ಮುಟ್ಟಲಿಲ್ಲ. ಹೊರಗಿನ ಬಾಗಿಲಷ್ಟನ್ನೇ ಒರೆಸಿ ಕುಂಕುಮ ಇಟ್ಟು, ದಾರದ ಪುಸ್ತಕದಲ್ಲಿ ಬರೆದೆ. ಬೀಗ ಹಾಕಿ ಮೆಟ್ಟಿಲು ಇಳಿದವನು ತಿರುಗಿ ಬಂದೆ. ಬಾಗಿಲು ತೆಗೆದು ಪಡುವಣ ಕಿಟಕಿಗೆ ಹೋಗಿ, ಈ ಸಲವೂ ಅಲ್ಲಿ ಸುರಿದಿದ್ದ ಚೆಂಡುಹೂವಿನ ರಾಶಿಯೊಳಗೆ ಕೈ ಹಾಕಿ ಕಟ್ಟೆಯ ಮೇಲೆ ಆಚೆಯಿಂದ ಈಚೆಗೆ ಆಡಿಸಿದೆ. ಖಾಲಿ ಇತ್ತು. ಬೀಗ ಹಾಕಿದೆ. ಗೇಟಿನವರೆಗೆ ಹೋಗಿ, ಮತ್ತೆ ಬಂದು ನೋಡಿದೆ.